ಡ್ರಮ್ ಕೋರ್ ಪ್ರಶಸ್ತಿಗಳಲ್ಲಿ ಹೆಸರಾಗಿ ಉಳಿದ ಮೇಷ್ಟ್ರುಗಳು ಯಾರು?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತನಾದವನು. 28 ವರ್ಷ ಶಾಲೆಯ ಬ್ಯಾಂಡ್ ಕಲಿಸಿದ್ದೇನೆ. ನನಗೆ ಬ್ಯೂಗಲ್ಲು, ಸೈಡ್ ಡ್ರಮ್ಮು ಹೇಳಿಕೊಟ್ಟವರು ಮಿಲಿಟರಿಯಿಂದ ಬಂದಿದ್ದ ಒಬ್ಬ ಹವಾಲ್ದಾರರು. ಮಗಳ ಮಗ ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದಾನೆ, ಈ ಬೇಸಿಗೆಗೆ ಅಲ್ಲಿ ‘ಡ್ರಮ್ ಕೋರ್’ ಸೇರಿದ್ದಾನೆ. ಅವನು ಕಳಿಸಿದ ಪ್ರಶಸ್ತಿಗಳ ಪಟ್ಟಿಯಲ್ಲಿ ಜಿಮ್ ಆಟ್, ಫ್ರೆಡ್ ಸ್ಯಾನ್‌ಫರ್ಡ್, ಜಾರ್ಜ್ ಜಿಂಗಾಲಿ ಅಂತ ಹೆಸರುಗಳಿವೆ. ಕೇಳಿದರೆ ‘ಅವರೆಲ್ಲ ಇನ್‌ಸ್ಟ್ರಕ್ಟರ್‌ಗಳು ತಾತ’ ಅಂದ. ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿಲ್ಲ. ನುಡಿಸಿದವರನ್ನು ಬಿಟ್ಟು ಕಲಿಸಿದವರ ಹೆಸರಿನಲ್ಲಿ ಪ್ರಶಸ್ತಿ ಯಾಕೆ? ಯಾರಿವರು?

ಉತ್ತರ: ಮೇಷ್ಟ್ರೇ, ನಿಮ್ಮ ಕಾಗದ ಓದಿ ಬಹಳ ಸಂತೋಷವಾಯಿತು. ನಾನೂ ತುಮಕೂರಿನ ಶಾಲಾ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಕೊರಳಿಗೆ ಹಾಕಿಕೊಂಡು ಶುರು ಮಾಡಿದವನು. ಈಗ ಹದಿನಾಲ್ಕು ವರ್ಷದಿಂದ ಸ್ಯಾನ್ ಹೊಸೆ ಸುತ್ತಮುತ್ತ ಮಕ್ಕಳಿಗೆ ಅದೇ ಡ್ರಮ್ ಕಲಿಸುತ್ತಿದ್ದೇನೆ. ಇಲ್ಲಿ ಅದಕ್ಕೆ ಸ್ನೇರ್ ಅನ್ನುತ್ತಾರೆ.

ಮೊದಲು ‘ಯಾಕೆ’ ಅನ್ನುವುದಕ್ಕೆ ಬರುತ್ತೇನೆ. ಡ್ರಮ್ ಕೋರ್‌ನಲ್ಲಿ ನುಡಿಸುವವರು ಯಾರೂ ಉಳಿಯುವುದಿಲ್ಲ. ಇದು ಡ್ರಮ್ಮು, ಕಹಳೆ ನುಡಿಸುತ್ತ ಮೈದಾನದಲ್ಲಿ ನಡೆದು ಸ್ಪರ್ಧಿಸುವ ಹುಡುಗ ಹುಡುಗಿಯರ ತಂಡ, 22ರ ಆಸುಪಾಸಿಗೆ ಬಂದರೆ ಹೊರಗೆ ನಡೆಯಲೇಬೇಕು. ಅದಕ್ಕೆ ‘ಏಜ್ ಔಟ್’ ಅನ್ನುತ್ತಾರೆ. ಆಗಸ್ಟ್ ಎರಡನೇ ವಾರದ ಫೈನಲ್ಸ್ ಮುಗಿದ ರಾತ್ರಿ ಆ ವಯಸ್ಸಿನವರೆಲ್ಲ ಒಟ್ಟಿಗೆ ವಾದ್ಯ ಕೆಳಗಿಡುತ್ತಾರೆ. ಮರುವರ್ಷ ಅರ್ಧಕ್ಕರ್ಧ ಹೊಸ ಮುಖಗಳು. ಹಾಗಿದ್ದೂ ‘ಇದು ಸ್ಯಾಂಟಾ ಕ್ಲಾರಾದ ಡ್ರಮ್ ನಾದ’, ‘ಇದು ರಾಕ್‌ಫರ್ಡ್‌ನವರ ಹೆಜ್ಜೆ’ ಅಂತ ಥಟ್ಟನೆ ಗುರುತಿಸುವವರು ಗ್ಯಾಲರಿಯಲ್ಲಿ ಇರುತ್ತಾರೆ. ಮಕ್ಕಳು ಬದಲಾದರೂ ನಾದ ಬದಲಾಗದೆ ಇರಬೇಕಾದರೆ ಅದನ್ನು ಯಾರೋ ಒಬ್ಬರು ವರ್ಷದಿಂದ ವರ್ಷಕ್ಕೆ ಹೊತ್ತು ತಂದಿರಲೇಬೇಕಲ್ಲ. ಹೊತ್ತವರು ಮೇಷ್ಟ್ರುಗಳು.

ಇನ್ನು ಈ ಕಲೆ ಎಲ್ಲಿಂದ ಬಂತು ಅನ್ನುವುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ, ಏಕೆಂದರೆ ಅದರ ಬುಡದಲ್ಲಿ ಇರುವವರು ನಿಮ್ಮ ಹವಾಲ್ದಾರರಂಥವರೇ. ಮೊದಲ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕರು 1919ರಲ್ಲಿ ಅಮೆರಿಕನ್ ಲೀಜನ್ ಎಂಬ ಸಂಘ ಕಟ್ಟಿಕೊಂಡರು. ಊರೂರಲ್ಲಿ ಅದರ ಶಾಖೆಗಳಾದವು, ಶಾಖೆಗಳಲ್ಲಿ ಡ್ರಮ್ ಮತ್ತು ಬ್ಯೂಗಲ್ ತಂಡಗಳಾದವು. ಆಮೇಲೆ ಚರ್ಚುಗಳು, ಸ್ಕೌಟ್ ತುಕಡಿಗಳು ತಮ್ಮ ಮಕ್ಕಳಿಗೂ ತಂಡ ಕಟ್ಟಿದವು. ಷಿಕಾಗೋದ ಕ್ಯಾವಲಿಯರ್ಸ್ 1948ರಲ್ಲಿ ಒಂದು ಸ್ಕೌಟ್ ತುಕಡಿಯಿಂದಲೇ ಹುಟ್ಟಿದ್ದು. ಸ್ಪರ್ಧೆಯ ನಿಯಮವೆಲ್ಲ ಮಾಜಿ ಸೈನಿಕರ ಸಂಘಗಳ ಕೈಯಲ್ಲಿತ್ತು. ಮಕ್ಕಳ ಜೊತೆ ಹಗಲೂ ರಾತ್ರಿ ಇರುವ ನಮ್ಮ ಮಾತು ಯಾರೂ ಕೇಳುತ್ತಿಲ್ಲ ಎಂದು ತಂಡ ನಡೆಸುವವರಿಗೆ ಅನ್ನಿಸತೊಡಗಿತು. ಕ್ಯಾವಲಿಯರ್ಸ್‌ನ ಡಾನ್ ವಾರೆನ್, ವಯೋಮಿಂಗ್‌ನ ಟ್ರೂಪರ್ಸ್ ತಂಡದ ಜಿಮ್ ಜೋನ್ಸ್ ಮುಂತಾದವರು ಸೇರಿ ಡ್ರಮ್ ಕೋರ್ಸ್ ಇಂಟರ್‌ನ್ಯಾಷನಲ್ ಅನ್ನು ಕಟ್ಟಿದರು. ಚುಟುಕಾಗಿ ಡಿಸಿಐ. ಅದರ ಮೊದಲ ಚಾಂಪಿಯನ್‌ಶಿಪ್ 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ನಡೆಯಿತು. ಆ ವರ್ಷ ಗೆದ್ದದ್ದು ಅನಹೈಮ್ ಕಿಂಗ್ಸ್‌ಮೆನ್. ಮೊಮ್ಮಗ ಕಳಿಸಿದ ಪ್ರಶಸ್ತಿಗಳು ಈ ಸಂಸ್ಥೆಯವು.

ಡ್ರಮ್ಮಿನ ವಿಷಯಕ್ಕೆ ಬಂದರೆ ಗುರುಪರಂಪರೆ ಇನ್ನೂ ಹಳೆಯದು. ಕನೆಕ್ಟಿಕಟ್ ರಾಜ್ಯದಲ್ಲಿ ಅರ್ಲ್ ಸ್ಟರ್ಟ್ಜ್ ಎಂಬ ಡ್ರಮ್ ಮೇಷ್ಟ್ರಿದ್ದರು. ಅವರ ಶಿಷ್ಯ ಫ್ರಾಂಕ್ ಆರ್ಸೆನೋ. ಈ ಆರ್ಸೆನೋ ಷಿಕಾಗೋಗೆ ಬಂದು ನೆಲೆಸಿ ಕ್ಯಾವಲಿಯರ್ಸ್ ಮಕ್ಕಳಿಗೆ ಕಲಿಸಿದರು. ಕನೆಕ್ಟಿಕಟ್‌ನ ಕೈ ಹೀಗೆ ಷಿಕಾಗೋಗೆ ಹೋಯಿತು. ‘ಕೈ ಹೋಯಿತು’ ಎಂದು ಸುಮ್ಮನೆ ಅನ್ನುತ್ತಿಲ್ಲ. 1933ರಲ್ಲಿ ಷಿಕಾಗೋದ ಲೀಜನ್ ಸಮಾವೇಶದ ಹೊತ್ತಿಗೆ ಡ್ರಮ್ ಗುರುಗಳು ಒಂದೆಡೆ ಸೇರಿ, ಎಲ್ಲರೂ ಕಲಿಸಲೇಬೇಕಾದ ಪಾಠಗಳನ್ನು ಗೊತ್ತುಮಾಡಿದರು. ಅವು ಒಟ್ಟು 26 ಆದವು. ಅವಕ್ಕೆ ರೂಡಿಮೆಂಟ್ ಎಂದು ಹೆಸರು. ನಮ್ಮ ಮೃದಂಗದಲ್ಲಿ ‘ತ ಧಿ ತೊಂ ನಂ’ ಅಂತ ಬಾಯಲ್ಲಿ ಹೇಳಿಸಿ ಕೈಗೆ ಇಳಿಸುವುದಿಲ್ಲವೇ, ಇವರಲ್ಲೂ ‘ಫ್ಲ್ಯಾಮ್’, ‘ಪ್ಯಾರಡಿಡಲ್’ ಎಂಬ ಹೆಸರುಗಳೇ ಪೆಟ್ಟಿನ ಸದ್ದಿನಿಂದ ಹುಟ್ಟಿದವು. ಪ್ಯಾರಡಿಡಲ್ ಅಂದರೆ ಬಲ ಎಡ ಬಲ ಬಲ, ಎಡ ಬಲ ಎಡ ಎಡ. ನಾಲ್ಕು ಪೆಟ್ಟಿಗೊಮ್ಮೆ ಮುಂದಾಳು ಕೈ ಬದಲಾಗುತ್ತದೆ. ಕಾಗದದ ಮೇಲೆ ಇಷ್ಟೇ. ಆದರೆ ಸ್ಟಿಕ್ ಎಷ್ಟು ಎತ್ತರಕ್ಕೆ ಏಳಬೇಕು, ಎರಡನೇ ‘ಬಲ’ ಮಣಿಕಟ್ಟಿನಿಂದ ಬರಬೇಕೋ ಬೆರಳಿನಿಂದ ಬರಬೇಕೋ, ಪೆಟ್ಟಿನ ನಂತರ ಸ್ಟಿಕ್ ಎಲ್ಲಿ ನಿಲ್ಲಬೇಕು, ಇವು ಕಾಗದದಲ್ಲಿ ಇಲ್ಲ. ಪಕ್ಕದಲ್ಲಿ ನಿಂತು, ಮಣಿಕಟ್ಟು ಹಿಡಿದು ತೋರಿಸಬೇಕು.

ಹೋದ ಬೇಸಿಗೆ ಇಲ್ಲಿಯ ಒಂದು ತಂಡದ ಅಭ್ಯಾಸ ನೋಡಲು ಹೋಗಿದ್ದೆ. ಒಂಬತ್ತು ಸ್ನೇರ್, ಸುಡು ಬಿಸಿಲು. ಮೇಷ್ಟ್ರು ನುಡಿಸಲು ಹೇಳಿದ್ದು ಎರಡೇ ಎರಡು ಆವರ್ತ. ‘ಡಟ್, ಡಟ್, ಡಟ್, ಡಟ್’ ಎಂದು ಬಾಯಲ್ಲಿ ಎಣಿಕೆ ಕೊಟ್ಟು ಶುರು. ನಿಲ್ಲಿಸಿದರು. ಏನೂ ಹೇಳಲಿಲ್ಲ, ನೆಲಕ್ಕೆ ಮಂಡಿಯೂರಿ ಸ್ಟಿಕ್‌ಗಳ ತುದಿಯನ್ನು ತಮ್ಮ ಕಣ್ಣಿನ ಮಟ್ಟಕ್ಕೆ ತಂದುಕೊಂಡು ಮತ್ತೆ ನುಡಿಸಲು ಹೇಳಿದರು. ಏಳನೆಯ ಹುಡುಗಿಯ ಎಡಗೈ ಸ್ಟಿಕ್ ಒಂದು ಬೆರಳಿನಷ್ಟು ಹೆಚ್ಚು ಏಳುತ್ತಿತ್ತು. ನನಗೆ ಕೇಳಿಸಿರಲಿಲ್ಲ, ಅವರಿಗೆ ಕೇಳಿಸಿತ್ತು, ಈಗ ಕಂಡಿತು. ಆ ಹುಡುಗಿಯ ಡ್ರಮ್ಮಿನ ಮೇಲೆ ತಮ್ಮ ಅಂಗೈ ಚಾಚಿ, ಅದಕ್ಕೆ ತಾಗದ ಹಾಗೆ ನುಡಿಸು ಎಂದರು. ನಲವತ್ತು ಸಲ ಆಗಿರಬಹುದು. ಕಡೆಗೆ ಒಂಬತ್ತು ಡ್ರಮ್ಮು ಒಂದೇ ಡ್ರಮ್ಮಿನಂತೆ ಕೇಳಿದಾಗ ಆ ಹುಡುಗಿಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಈಗ ಹೆಸರುಗಳು. ಫ್ರೆಡ್ ಸ್ಯಾನ್‌ಫರ್ಡ್ ಅವರಿಂದ ಶುರು ಮಾಡುತ್ತೇನೆ, ನನ್ನ ಕಸುಬಿಗೆ ಹತ್ತಿರದವರು ಅವರು. ಸ್ವತಃ ಟ್ರೂಪರ್ಸ್ ತಂಡದಲ್ಲಿ ನುಡಿಸಿ ಬೆಳೆದವರು, ಕ್ಯಾಲಿಫೋರ್ನಿಯಾದಲ್ಲಿ ಸಂಗೀತ ಓದಿದವರು. 1967ರಲ್ಲಿ ಗೇಲ್ ರಾಯರ್ ಎಂಬ ಶಾಲಾ ಮೇಷ್ಟ್ರು ಸ್ಯಾಂಟಾ ಕ್ಲಾರಾ ವ್ಯಾನ್‌ಗಾರ್ಡ್ ಎಂಬ ತಂಡ ಶುರು ಮಾಡಿದರು. ಅದರ ಡ್ರಮ್ ಸಾಲು ಸ್ಯಾನ್‌ಫರ್ಡ್ ಕೈಗೆ ಬಂತು. ಅಲ್ಲಿಯವರೆಗೆ ಡ್ರಮ್ ಸಾಲಿನ ಕೆಲಸ ಹೆಚ್ಚಾಗಿ ಹೆಜ್ಜೆಗೆ ತಾಳ ಕೊಡುವುದು, ನಡುವೆ ಕೈಚಳಕ ತೋರಿಸುವುದು. ಸ್ಯಾನ್‌ಫರ್ಡ್ ಅದನ್ನು ಒಂದು ವಾದ್ಯಮೇಳದಂತೆ ಬರೆದರು. ಸಣ್ಣದರಿಂದ ದೊಡ್ಡದರವರೆಗೆ ಬೇರೆ ಬೇರೆ ಶ್ರುತಿಯ ಬ್ಯಾಸ್ ಡ್ರಮ್ಮುಗಳು, ಒಬ್ಬೊಬ್ಬ ಹುಡುಗನಿಗೆ ಒಂದೊಂದು. ಒಂದು ಸಾಲು ಒಬ್ಬನಲ್ಲಿ ಹುಟ್ಟಿ, ಇನ್ನೊಬ್ಬನಲ್ಲಿ ಮುಂದುವರಿದು, ಮತ್ತೊಬ್ಬನಲ್ಲಿ ಮುಗಿಯುತ್ತದೆ. ಒಬ್ಬ ಕೂದಲೆಳೆಯಷ್ಟು ತಡ ಮಾಡಿದರೂ ಸಾಲು ಕಡಿದುಹೋಗುತ್ತದೆ. ಮಕ್ಕಳಿಗೆ ತಮ್ಮ ಪಾಲಿನ ಜೊತೆ ಪಕ್ಕದವರ ಪಾಲೂ ಕೇಳಿಸಲೇಬೇಕು. ವ್ಯಾನ್‌ಗಾರ್ಡ್ 1973ರಲ್ಲೂ 1974ರಲ್ಲೂ ಚಾಂಪಿಯನ್ ಆಯಿತು. ಸ್ಯಾನ್‌ಫರ್ಡ್ 2000ದಲ್ಲಿ ತೀರಿಕೊಂಡರು. ಡ್ರಮ್ ಸಾಲಿಗೆ ಕೊಡುವ ಪ್ರಶಸ್ತಿಗೆ ಅವರ ಹೆಸರಿದೆ. ಅವರ ನಂತರ ಅದೇ ತಂಡದಲ್ಲಿ ರಾಲ್ಫ್ ಹಾರ್ಡಿಮನ್ ಬಂದು ಆ ಬರವಣಿಗೆಯನ್ನು ಇನ್ನಷ್ಟು ಮುಂದಕ್ಕೆ ಒಯ್ದರು. ಈ ಎರಡು ಕೈಗಳ ಗುರುತು ಇಲ್ಲದ ಡ್ರಮ್ ಸಾಲು ಇವತ್ತು ಅಮೆರಿಕದ ಹೈಸ್ಕೂಲುಗಳಲ್ಲಿ ಸಿಗುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ.

ಇನ್ನೊಬ್ಬರನ್ನು ಇಲ್ಲೇ ನೆನೆಯಬೇಕು. ಮಾರ್ಟಿ ಹರ್ಲಿ ನ್ಯೂ ಆರ್ಲಿಯನ್ಸ್‌ನ ಬ್ರದರ್ ಮಾರ್ಟಿನ್ ಹೈಸ್ಕೂಲಿನ ಬ್ಯಾಂಡ್ ಮೇಷ್ಟ್ರು. ಶಾಲೆ ನಡೆಯುವಾಗ ಅಲ್ಲಿಯ ಮಕ್ಕಳಿಗೆ ಪಾಠ. ಬೇಸಿಗೆ ಬಂದರೆ ದೇಶದ ದಕ್ಷಿಣದ ತುದಿಯಿಂದ ಇಲಿನಾಯ್‌ನ ರಾಕ್‌ಫರ್ಡ್‌ನ ಫ್ಯಾಂಟಮ್ ರೆಜಿಮೆಂಟ್ ತಂಡಕ್ಕೆ. ಅವರ ಹೆಸರು ನಿಮ್ಮ ಮೊಮ್ಮಗನ ಪಟ್ಟಿಯಲ್ಲಿ ಇಲ್ಲ. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಈ ಮೇಷ್ಟ್ರುಗಳಲ್ಲಿ ಎಷ್ಟೋ ಜನ ಹೀಗೇ ಶಾಲೆಯ ಕೆಲಸದಲ್ಲಿದ್ದು, ತಮ್ಮ ರಜೆಯನ್ನೆಲ್ಲ ಇದಕ್ಕೆ ಸುರಿದವರು. ಮಕ್ಕಳು ಯಾವುದೋ ಶಾಲೆಯ ಜಿಮ್‌ನಲ್ಲಿ ನೆಲದ ಮೇಲೆ ಮಲಗಿದರೆ ಇವರಿಗೂ ಅದೇ ನೆಲ. ರಾತ್ರಿಯೆಲ್ಲ ಬಸ್ಸು, ಬೆಳಗ್ಗೆ ಇನ್ನೊಂದು ಊರು.

ಜಿಮ್ ಆಟ್ ಅವರ ಹೆಸರಿನ ಪ್ರಶಸ್ತಿ ಹಿತ್ತಾಳೆ ವಾದ್ಯಗಳಿಗೆ. ಇದನ್ನು ಅರ್ಥ ಮಾಡಿಕೊಳ್ಳಲು ನಿಮ್ಮಷ್ಟು ಯೋಗ್ಯರು ಇನ್ನೊಬ್ಬರಿಲ್ಲ, ಬ್ಯೂಗಲ್ ಊದಿದವರಲ್ಲವೇ. ನಮ್ಮ ಬ್ಯೂಗಲ್‌ಗೆ ಬೆರಳಿಗೆ ಒತ್ತಲು ಏನೂ ಇಲ್ಲ, ತುಟಿ ಬಿಗಿ ಸಡಿಲ ಮಾಡಿ ಐದು ಸ್ವರ ತೆಗೆಯಬೇಕು. ಅಮೆರಿಕದ ತಂಡಗಳ ಬ್ಯೂಗಲ್‌ಗೆ ಆಟ್ ಅವರ ಕಾಲಕ್ಕೆ ಬೆರಳಿನಿಂದ ಒತ್ತುವ ಕೀಲಿಗಳು, ಅಂದರೆ ಪಿಸ್ಟನ್‌ಗಳು ಬಂದಿದ್ದವು. ಆದರೂ ಟ್ರಂಪೆಟ್‌ನ ಹಾಗೆ ಮೂರಿಲ್ಲ. 1977ರಲ್ಲಿ ಎರಡು ಪಿಸ್ಟನ್‌ಗೆ ಒಪ್ಪಿಗೆ ಸಿಕ್ಕಿತು, ಮೂರನೆಯದಕ್ಕೆ 1990ರವರೆಗೆ ಕಾಯಬೇಕಾಯಿತು. ಹಾಗಾಗಿ ಕೆಳಗಿನ ಸ್ಥಾಯಿಯಲ್ಲಿ ಕೆಲವು ಸ್ವರಗಳು ವಾದ್ಯದಲ್ಲಿ ಇಲ್ಲವೇ ಇಲ್ಲ. ಸಂಗೀತ ಹೊಂದಿಸುವವರು ಇಲ್ಲದ ಸ್ವರವನ್ನು ತಪ್ಪಿಸಿ, ಇನ್ನೊಂದು ವಾದ್ಯಕ್ಕೆ ದಾಟಿಸಿ, ಕೇಳುವವರಿಗೆ ಕೊರತೆ ಗೊತ್ತಾಗದ ಹಾಗೆ ಬರೆಯಬೇಕು. ಆಟ್ ಇದರಲ್ಲಿ ನಿಸ್ಸೀಮರು. ಕ್ಯಾಲಿಫೋರ್ನಿಯಾದಲ್ಲಿ ಬ್ಲೂ ಡೆವಿಲ್ಸ್ ಜೊತೆ ಕೆಲಸ ಮಾಡಿದರು. ಆಮೇಲೆ ಜಾರ್ಜಿಯಾ ರಾಜ್ಯದ ಹೊಸ ತಂಡ ಸ್ಪಿರಿಟ್ ಆಫ್ ಅಟ್ಲಾಂಟಾಗೆ ಹೋದರು. ಹುಟ್ಟಿ ಕೆಲವೇ ವರ್ಷದ ಆ ತಂಡ ದೊಡ್ಡ ದೊಡ್ಡ ತಂಡಗಳ ಪಕ್ಕದಲ್ಲಿ ಫೈನಲ್ಸ್‌ನಲ್ಲಿ ನಿಂತಿತು. ಅದರ ಕಹಳೆಗಳ ಭರಾಟೆಯನ್ನು ಇಂದಿಗೂ ಹಳಬರು ಕಣ್ಣರಳಿಸಿ ಹೇಳುತ್ತಾರೆ.

1980ರಲ್ಲಿ ಒಂದು ರಸ್ತೆ ಅಪಘಾತದಲ್ಲಿ ಆಟ್ ತೀರಿಹೋದರು. ಆ ಮಕ್ಕಳ ಸ್ಥಿತಿ ಯೋಚಿಸಿ ಮೇಷ್ಟ್ರೇ. ಬರೆದವರು ಹೋದರು, ಬರೆದದ್ದು ತುಟಿಯ ಮೇಲಿದೆ. ಆ ವರ್ಷ ಆ ತಂಡ ನುಡಿಸಿದ್ದನ್ನು ನಾನು ಧ್ವನಿಮುದ್ರಣದಲ್ಲಷ್ಟೇ ಕೇಳಿದ್ದೇನೆ, ಅದೂ ಪೂರ್ತಿ ಕೇಳಿ ಮುಗಿಸುವುದು ನನಗೆ ಸುಲಭವಾಗಿಲ್ಲ.

ಜಾರ್ಜ್ ಜಿಂಗಾಲಿ ವಾದ್ಯದವರಲ್ಲ, ನಡಿಗೆಯವರು. ನಿಮ್ಮ ಪಿ.ಟಿ. ಮೇಷ್ಟ್ರ ಕಣ್ಣಿಗೆ ಇವರು ಬಹಳ ಹಿಡಿಸಬಹುದು. ನಮ್ಮ ಪರೇಡಿನಲ್ಲಿ 30 ಇಂಚಿನ ಹೆಜ್ಜೆ, ಸಾಲು ಸಾಲಾಗಿ ನೇರ ನಡಿಗೆ. ಇಲ್ಲಿ ಅಮೆರಿಕನ್ ಫುಟ್‌ಬಾಲ್ ಮೈದಾನದ ಐದು ಗಜಕ್ಕೊಂದು ಬಿಳಿ ಗೆರೆ ಇರುತ್ತದೆ, ಎರಡು ಗೆರೆಯ ನಡುವೆ ಎಂಟು ಹೆಜ್ಜೆ. ಅಂದರೆ ಹೆಜ್ಜೆಗೆ 22.5 ಇಂಚು. ಪ್ರತಿಯೊಬ್ಬ ಹುಡುಗನಿಗೂ ತಂಡ ನಿಂತು ಕಟ್ಟುವ ಪ್ರತಿ ಚಿತ್ರಕ್ಕೂ ಮೈದಾನದಲ್ಲಿ ಒಂದು ಚುಕ್ಕೆ ಗೊತ್ತಾಗಿರುತ್ತದೆ. ಅದಕ್ಕೆ ‘ಡಾಟ್’ ಅನ್ನುತ್ತಾರೆ, ಪುಟ್ಟ ಪುಸ್ತಕದಲ್ಲಿ ಬರೆದು ಕೊರಳಿಗೆ ಕಟ್ಟಿಕೊಂಡಿರುತ್ತಾರೆ. ನಮ್ಮ ಹೆಣ್ಣುಮಕ್ಕಳ ಚುಕ್ಕಿ ರಂಗೋಲಿಯ ಚುಕ್ಕಿಗಳೆಲ್ಲ ಎದ್ದು ನಡೆದಾಡಿದರೆ ಹೇಗಿದ್ದೀತೋ ಹಾಗೆ.

1970ರ ದಶಕದವರೆಗೂ ಈ ಚಿತ್ರಗಳು ಹೆಚ್ಚಾಗಿ ಎಡಕ್ಕೆ ಇದ್ದದ್ದು ಬಲಕ್ಕೂ ಇರುವ ಸಮಚಿತ್ರಗಳು. ಒಂದು ಆಕಾರ ಕಟ್ಟು, ನಿಲ್ಲು, ಚಪ್ಪಾಳೆ, ಮುಂದಿನ ಆಕಾರ. ಜಿಂಗಾಲಿ ಮೊದಲು ಮ್ಯಾಸಚೂಸೆಟ್ಸ್‌ನ ರಿವೀರ್ ಊರಿನ 27ನೇ ಲ್ಯಾನ್ಸರ್ಸ್ ತಂಡದಲ್ಲಿ ಕಲರ್ ಗಾರ್ಡ್‌ಗೆ, ಅಂದರೆ ಬಾವುಟ ಮತ್ತು ಮರದ ರೈಫಲ್ ತಿರುಗಿಸುವವರಿಗೆ, ಕಲಿಸುತ್ತಿದ್ದರು. ಆಮೇಲೆ ನ್ಯೂ ಜೆರ್ಸಿಯ ಗಾರ್ಫೀಲ್ಡ್ ಕೆಡೆಟ್ಸ್‌ಗೆ ಡ್ರಿಲ್, ಅಂದರೆ ಮೈದಾನದ ನಡಿಗೆಯ ನಕ್ಷೆ, ಬರೆಯಲು ಬಂದವರು ಮೈದಾನವನ್ನೇ ಬೇರೆ ಕಣ್ಣಿನಿಂದ ನೋಡಿದರು. ಸಮಚಿತ್ರ ಬಿಟ್ಟರು. ಬಳ್ಳಿಯಂತೆ ಬಾಗುವ, ಸುರುಳಿ ಬಿಚ್ಚುವ, ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಹಿಗ್ಗುವ ಗೆರೆಗಳನ್ನು ಬರೆದರು. ಚಿತ್ರ ಒಂದು ಕ್ಷಣವೂ ನಿಲ್ಲದೆ ಮುಂದಿನದಕ್ಕೆ ಕರಗುತ್ತದೆ. ಅದೂ ಓಟದ ವೇಗದಲ್ಲಿ, ಕಹಳೆ ತುಟಿಯಿಂದ ಕದಲದ ಹಾಗೆ.

ಅವರ ಧೈರ್ಯ ಎಷ್ಟು ಎಂದು ತಿಳಿಯಬೇಕಾದರೆ ಆಗಿನ ಅಂಕದ ಪದ್ಧತಿ ಗೊತ್ತಿರಬೇಕು. ತಪ್ಪಿಲ್ಲದೆ ನುಡಿಸಿ ನಡೆಯುವುದಕ್ಕೆ ಇಟ್ಟ ಅಂಕದಿಂದ ಒಂದೊಂದು ತಪ್ಪಿಗೂ 0.1 ಅಂಕ ಕಳೆಯುತ್ತಿದ್ದರು. ಅದಕ್ಕೆ ‘ಟಿಕ್’ ಎಂದು ಹೆಸರು. ತೀರ್ಪುಗಾರರು ಮೈದಾನದೊಳಗೇ ಮಕ್ಕಳ ನಡುವೆ ಓಡಾಡಿ ಟಿಕ್ ಹಾಕುತ್ತಿದ್ದರು. ಇಂಥ ಪದ್ಧತಿಯಲ್ಲಿ ಜಾಣ ಮೇಷ್ಟ್ರು ತಪ್ಪಾಗದಷ್ಟು ಸುಲಭದ್ದನ್ನೇ ಕಲಿಸುತ್ತಾರೆ. 1983 ಆ ಪದ್ಧತಿಯ ಕೊನೆಯ ವರ್ಷ. ಅದೇ ವರ್ಷ ಎಲ್ಲರಿಗಿಂತ ಕಷ್ಟದ ಡ್ರಿಲ್ ಹೊತ್ತು ಗಾರ್ಫೀಲ್ಡ್ ಕೆಡೆಟ್ಸ್ ಗೆದ್ದರು. ಪೂರ್ವ ತೀರದ ತಂಡವೊಂದು ಡಿಸಿಐ ಕಿರೀಟ ತೊಟ್ಟದ್ದು ಅದೇ ಮೊದಲು. 1984ರಲ್ಲಿ, 1985ರಲ್ಲಿ ಮತ್ತೆ ಗೆದ್ದರು. ಜಿಂಗಾಲಿ ಆಮೇಲೆ ಸ್ಟಾರ್ ಆಫ್ ಇಂಡಿಯಾನಾ ತಂಡಕ್ಕೆ ಬರೆದರು. 1991ರಲ್ಲಿ ರೋಮ್ ನಗರವನ್ನು ಕುರಿತ ಸಂಗೀತಕ್ಕೆ ಆ ಮಕ್ಕಳು ಮೈದಾನದ ತುಂಬ ಒಂದು ಶಿಲುಬೆ ಕಟ್ಟಿ, ಅದು ಒಡೆದು ಚೆಲ್ಲಾಪಿಲ್ಲಿಯಾಗಿ, ನೋಡನೋಡುತ್ತ ಮತ್ತೊಂದು ಶಿಲುಬೆಯಾಗುವುದನ್ನು ವಿಡಿಯೋದಲ್ಲಿ ಎಷ್ಟು ಸಲ ನೋಡಿದ್ದೇನೋ. ನೂರಾರು ಕಾಲುಗಳು ಒಂದರ ಸಂದಿನಲ್ಲಿ ಇನ್ನೊಂದು ನುಗ್ಗಿ ಹೋಗುತ್ತವೆ, ಒಬ್ಬರೂ ಡಿಕ್ಕಿ ಹೊಡೆಯುವುದಿಲ್ಲ. ಆ ವರ್ಷದ ಚಾಂಪಿಯನ್ ಸ್ಟಾರ್. 1990ರ ದಶಕದ ಆರಂಭದಲ್ಲೇ ಜಿಂಗಾಲಿ ತೀರಿಕೊಂಡರು. ಕಲರ್ ಗಾರ್ಡ್ ಪ್ರಶಸ್ತಿಗೆ ಅವರ ಹೆಸರಿಟ್ಟದ್ದು ಅವರು ಶುರು ಮಾಡಿದ ಜಾಗಕ್ಕೆ ಸಲ್ಲಿಸಿದ ಗೌರವ ಎಂದೇ ನಾನು ತಿಳಿದಿದ್ದೇನೆ.

ಪಟ್ಟಿಯಲ್ಲಿ ಇನ್ನೆರಡು ಹೆಸರು ಇರಬೇಕು, ನೀವು ಬರೆದಿಲ್ಲ. ಜಾನ್ ಬ್ರಜಾಲಿ, ಫ್ಯಾಂಟಮ್ ರೆಜಿಮೆಂಟ್‌ನ ಶಾಸ್ತ್ರೀಯ ಸಂಗೀತಕ್ಕೆ ನಡಿಗೆ ಬರೆದವರು, ದೃಶ್ಯ ವಿಭಾಗದ ಪ್ರಶಸ್ತಿ ಅವರದು. ಡಾನ್ ಏಂಜೆಲಿಕಾ ಕಹಳೆ ಕಲಿಸುತ್ತಿದ್ದು ತೀರ್ಪುಗಾರರಾದವರು, ಒಟ್ಟು ಪರಿಣಾಮದ ಪ್ರಶಸ್ತಿ ಅವರದು. ಪ್ರಶಸ್ತಿ ಇಲ್ಲದಿದ್ದರೂ ಟ್ರೂಮನ್ ಕ್ರಾಫರ್ಡ್ ಅವರನ್ನು ಬಿಡಲಾರೆ. ಷಿಕಾಗೋ ರಾಯಲ್ ಏರ್ಸ್ ತಂಡಕ್ಕೆ ಸಂಗೀತ ಬರೆದವರು ಮುಂದೆ ಅಮೆರಿಕದ ಮರೀನ್ ಪಡೆಯ ಡ್ರಮ್ ಮತ್ತು ಬ್ಯೂಗಲ್ ದಳದ ಮುಖ್ಯಸ್ಥರಾಗಿ ಕರ್ನಲ್ ದರ್ಜೆಗೇರಿದರು. ಸೈನ್ಯದಿಂದ ಊರಿಗೆ ಬಂದ ವಿದ್ಯೆ ಊರಿನಿಂದ ಸೈನ್ಯಕ್ಕೆ ಮರಳಿತು.

ನಿಮ್ಮ ಮಗಳಿಗೆ ಒಂದು ಮಾತು ಹೇಳಬೇಕು. ಗುರುಗಳನ್ನು ಇಷ್ಟು ಎತ್ತರದಲ್ಲಿ ಕೂರಿಸುವ ಲೋಕದಲ್ಲಿ ಆ ಎತ್ತರವನ್ನು ದುರುಪಯೋಗ ಮಾಡಿಕೊಂಡವರೂ ಇದ್ದರು. 2018ರಲ್ಲಿ ಹೆಸರಾಂತ ತಂಡವೊಂದರ ನಿರ್ದೇಶಕರ ಮೇಲೆ ಹಲವು ಮಹಿಳೆಯರು ಲೈಂಗಿಕ ಕಿರುಕುಳದ ಆರೋಪ ಮಾಡಿದರು, ಅವರು ಹುದ್ದೆ ಬಿಡಬೇಕಾಯಿತು. ಆಗಿನಿಂದ ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆ, ದೂರು ಕೊಡುವ ದಾರಿ ಇವುಗಳ ಬಗ್ಗೆ ತಂಡಗಳನ್ನು ಪ್ರಶ್ನಿಸುವುದು ತಂದೆ ತಾಯಿಗಳಿಗೆ ಸಹಜವಾಗಿದೆ. ಮಗಳು ಸಂಕೋಚವಿಲ್ಲದೆ ಕೇಳಲಿ. ಒಳ್ಳೆಯ ಮೇಷ್ಟ್ರಿಗೆ ಆ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ.

ಮೊಮ್ಮಗನಿಗೆ ಹೆಸರುಗಳಾಚೆ ಏನೂ ಗೊತ್ತಿಲ್ಲ ಅಂತ ಬೇಸರ ಬೇಡ. ಅವನಿಗೆ ಸ್ಟಿಕ್ ಹಿಡಿಯಲು ಕಲಿಸಿದವರು ಯಾರು, ಅವರಿಗೆ ಕಲಿಸಿದವರು ಯಾರು ಎಂದು ಕೇಳಿಕೊಂಡು ಬರಲು ಹೇಳಿ. ಮೂರು ನಾಲ್ಕು ಮೆಟ್ಟಿಲು ಹಿಂದಕ್ಕೆ ಹೋದರೆ ಮೇಲಿನ ಯಾವುದಾದರೂ ಒಂದು ಹೆಸರು ಸಿಕ್ಕರೂ ಸಿಗಬಹುದು. ನಿಮ್ಮ ಹವಾಲ್ದಾರರ ಹೆಸರು, ಅವರಿದ್ದ ರೆಜಿಮೆಂಟು, ಅವರು ಬ್ಯೂಗಲ್ ಹಿಡಿಸುತ್ತಿದ್ದ ರೀತಿ ನೀವೂ ಅವನಿಗೆ ಬರೆದು ಕಳಿಸಿ, ನನಗೂ ಒಂದು ಪ್ರತಿ ಇರಲಿ. ಮುಂದಿನ ವಿಡಿಯೋ ಕಾಲ್‌ನಲ್ಲಿ ಎರಡು ಪೆನ್ನು ಹಿಡಿದು ಮೇಜಿನ ಮೇಲೆ ಪ್ಯಾರಡಿಡಲ್ ನುಡಿಸು ಅನ್ನಿ, ನಿಧಾನಕ್ಕೆ. ಫೋನನ್ನು ಮೇಜಿನ ಮಟ್ಟಕ್ಕೇ ಇಡಿಸಿ. ಎಡಗೈ ಪೆನ್ನು ಬಲಗೈಯದರಷ್ಟೇ ಎತ್ತರಕ್ಕೆ ಏಳುತ್ತಿದೆಯಾ, ನೋಡಿ ಹೇಳಿ.